ನಾಯಿ, ಬೆಕ್ಕು, ಕೋತಿ ಕಚ್ಚಿದರೆ ಮೊದಲು ನಲ್ಲಿಗೆ, ನಂತರ ಲಸಿಕೆಗೆ

ನಾಯಿ ಕಚ್ಚಿದ ತಕ್ಷಣ ಎಲ್ಲಿಗೆ ಓಡಬೇಕು ಎಂದು ಕೇಳಿದರೆ ಹೆಚ್ಚಿನವರು ಆಸ್ಪತ್ರೆಗೆ ಎನ್ನುತ್ತಾರೆ. ಕೆಲವರು ಹಕೀಮರ ಬಳಿಗೆ ಎನ್ನುತ್ತಾರೆ, ಇನ್ನು ಕೆಲವರು ದಂ ಊದಿಸಲು ಹಝ್ರತರ ಬಳಿಗೆ ಎನ್ನುತ್ತಾರೆ. ಸರಿಯಾದ ಉತ್ತರ ನಿಮ್ಮ ಮನೆಯ ನಲ್ಲಿ. ಮೊದಲು ಹದಿನೈದು ನಿಮಿಷ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಗಾಯ ತೊಳೆಯಬೇಕು. ಅದಾದ ಮೇಲೆ ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಈ ಲೇಖನದಲ್ಲಿ ನೆನಪಿಡಲೇಬೇಕಾದದ್ದು ಈ ಎರಡು ಮಾತುಗಳು. ಉಳಿದದ್ದೆಲ್ಲ ಅವುಗಳ ವಿವರಣೆ.

ಸುಬ್ರಹ್ಮಣ್ಯಪುರ, ಉತ್ತರಹಳ್ಳಿ, ಇಲಿಯಾಸ್ ನಗರ, ಗುರಪ್ಪನಪಾಳ್ಯ, ತಿಲಕ್‌ನಗರದ ಕಡೆಯ ಮನೆಗಳಿಗೆ ಇದು ದೂರದ ವಿಷಯವಲ್ಲ. ಫಜ್ರ್ ನಮಾಝಿಗೆ ಮಸೀದಿಗೆ ಹೊರಟ ಹಿರಿಯರ ಹಿಂದೆ ನಾಯಿಗಳ ಗುಂಪು ಬೀಳುತ್ತದೆ. ಬೆಳಿಗ್ಗೆ ಮದ್ರಸಕ್ಕೆ ಹೋಗುವ ಮಕ್ಕಳು ಅದೇ ದಾರಿಯಲ್ಲಿ ನಡೆಯುತ್ತಾರೆ. 2007ರ ಆರಂಭದ ತಿಂಗಳುಗಳಲ್ಲಿ ಬೆಂಗಳೂರಿನಲ್ಲೇ ಇಬ್ಬರು ಪುಟ್ಟ ಮಕ್ಕಳು ಬೀದಿನಾಯಿಗಳ ದಾಳಿಗೆ ಬಲಿಯಾದದ್ದನ್ನು ಹಿರಿಯ ಓದುಗರು ಮರೆತಿರಲಾರರು. 2024ರಲ್ಲಿ ಕರ್ನಾಟಕದಲ್ಲಿ ವರದಿಯಾದ ನಾಯಿ ಕಡಿತದ ಪ್ರಕರಣಗಳು ಮೂರೂವರೆ ಲಕ್ಷಕ್ಕೂ ಹೆಚ್ಚು.

ರೇಬೀಸ್ ಹೇಗೆ ಹರಡುತ್ತದೆ?

ರೇಬೀಸ್ ಒಂದು ವೈರಸ್‌ನಿಂದ ಬರುವ ರೋಗ. ರೋಗ ತಗುಲಿದ ಪ್ರಾಣಿಯ ಜೊಲ್ಲಿನಲ್ಲಿ ಆ ವೈರಸ್ ಇರುತ್ತದೆ. ಪ್ರಾಣಿ ಕಚ್ಚಿದಾಗ, ಪರಚಿದಾಗ ಅಥವಾ ತೆರೆದ ಗಾಯವನ್ನು ನೆಕ್ಕಿದಾಗ ಜೊಲ್ಲು ನಮ್ಮ ಮಾಂಸದೊಳಗೆ ಸೇರುತ್ತದೆ. ಅಲ್ಲಿಂದ ವೈರಸ್ ನರವನ್ನು ಹಿಡಿದು ನಿಧಾನವಾಗಿ ಮಿದುಳಿನ ಕಡೆಗೆ ಸಾಗುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಕೆಲವರಲ್ಲಿ ಒಂದೇ ವಾರ, ಕೆಲವರಲ್ಲಿ ಒಂದು ವರ್ಷವೂ ಆಗಬಹುದು. ಮುಖ, ತಲೆ, ಕುತ್ತಿಗೆ ಮತ್ತು ಕೈಬೆರಳುಗಳ ಮೇಲೆ ಕಚ್ಚಿದರೆ ಅಪಾಯ ಹೆಚ್ಚು. ಮಕ್ಕಳು ಗಿಡ್ಡರಾಗಿರುವುದರಿಂದ ನಾಯಿಯ ಬಾಯಿ ನೇರ ಅವರ ಮುಖಕ್ಕೇ ಬರುತ್ತದೆ.

ವೈರಸ್ ಮಿದುಳು ತಲುಪಿ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಯಾವ ಔಷಧವೂ ಕೆಲಸ ಮಾಡುವುದಿಲ್ಲ. ಗಾಯವಾಗಿದ್ದ ಜಾಗದಲ್ಲಿ ಜುಮುಜುಮು, ಜ್ವರ, ಕಳವಳ, ಆಮೇಲೆ ನೀರು ಕುಡಿಯಲು ಹೋದರೆ ಗಂಟಲು ಸೆಳೆಯುವುದು, ಗಾಳಿ ತಾಗಿದರೂ ಬೆಚ್ಚಿಬೀಳುವುದು, ಕೊನೆಗೆ ಸಾವು. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನ ಹೀಗೆ ಸಾಯುತ್ತಾರೆಂದು ಅಂದಾಜು. ಅದರಲ್ಲಿ ನಮ್ಮ ದೇಶದ ಪಾಲು ದೊಡ್ಡದು.

ಆದರೆ ಈ ರೋಗದಲ್ಲಿ ಅಲ್ಲಾಹನು ನಮಗೆ ಸಮಯ ಕೊಟ್ಟಿದ್ದಾನೆ. ಕಚ್ಚಿದ ದಿನಕ್ಕೂ ವೈರಸ್ ಮಿದುಳು ಮುಟ್ಟುವ ದಿನಕ್ಕೂ ನಡುವೆ ಒಂದಿಷ್ಟು ಅವಧಿ ಇದೆ. ಆ ಅವಧಿಯಲ್ಲಿ ಗಾಯ ತೊಳೆದು, ಲಸಿಕೆ ಪೂರ್ತಿ ಹಾಕಿಸಿಕೊಂಡವರು ಬದುಕುತ್ತಾರೆ. ಸಾಯುವವರಲ್ಲಿ ಹೆಚ್ಚಿನವರು ಲಸಿಕೆಯನ್ನೇ ಹಾಕಿಸಿಕೊಳ್ಳದವರು, ತಡ ಮಾಡಿದವರು ಅಥವಾ ಅರ್ಧಕ್ಕೆ ಬಿಟ್ಟವರು.

ಮೊದಲ ಹದಿನೈದು ನಿಮಿಷ

ಗಾಯವನ್ನು ನಲ್ಲಿಯ ಕೆಳಗೆ ಹಿಡಿಯಿರಿ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಮೇಲಿನಿಂದ ನೀರು ಸುರಿಯುತ್ತಾ ಇರಿ. ಬಟ್ಟೆ ಸೋಪಾದರೂ ಸರಿ, ಮೈ ಸೋಪಾದರೂ ಸರಿ. ನೊರೆ ಬರುವಂತೆ ಹಚ್ಚಿ ತೊಳೆಯಿರಿ. ರೇಬೀಸ್ ವೈರಸ್‌ನ ಹೊರಕವಚದಲ್ಲಿ ಕೊಬ್ಬು ಇರುತ್ತದೆ. ಸೋಪು ಆ ಕವಚವನ್ನು ಒಡೆಯುತ್ತದೆ, ನೀರು ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ನೋವಾಗುವಾಗ ಎರಡು ನಿಮಿಷವೇ ಹದಿನೈದು ನಿಮಿಷದಂತೆ ಅನ್ನಿಸುತ್ತದೆ. ತೊಳೆದ ನಂತರ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಿ. ಗಾಯವನ್ನು ಬಿಗಿಯಾಗಿ ಕಟ್ಟಬೇಡಿ. ರಕ್ತ ಧಾರೆಯಾಗಿ ಚಿಮ್ಮುತ್ತಿದ್ದರೆ ಮಾತ್ರ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು, ತಡ ಮಾಡದೆ ಆಸ್ಪತ್ರೆಗೆ ಹೊರಡಿ.

ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಸೀಮೆಎಣ್ಣೆ, ಸೊಪ್ಪಿನ ರಸ, ಬೂದಿ ಇವು ಯಾವುದನ್ನೂ ಗಾಯಕ್ಕೆ ಹಾಕಬೇಡಿ. ನಾಣ್ಯ ಇಟ್ಟು ಕಟ್ಟಬೇಡಿ, ಕಾಯಿಸಿದ ಕಬ್ಬಿಣದಿಂದ ಸುಡಬೇಡಿ. ಇವು ಗಾಯವನ್ನು ಕೆರಳಿಸಿ ವೈರಸನ್ನು ಇನ್ನೂ ಒಳಕ್ಕೆ ತಳ್ಳಬಹುದು. ಜೊತೆಗೆ, ಮೆತ್ತಿದ್ದನ್ನು ತೆಗೆಯುವಷ್ಟರಲ್ಲಿ ತೊಳೆಯಬೇಕಾದ ಸಮಯ ಕಳೆದಿರುತ್ತದೆ. ಕಡಿತದ ಗಾಯಕ್ಕೆ ಆತುರದಲ್ಲಿ ಹೊಲಿಗೆಯನ್ನೂ ಹಾಕಿಸಬಾರದು. ಹೊಲಿಗೆ ಬೇಕೇ ಬೇಕು ಎಂದಾದರೆ ಯಾವಾಗ, ಎಷ್ಟು ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ.

ಪಾಕ್ ಬೇರೆ, ನಿರೋಗ ಬೇರೆ

ನಮ್ಮ ಮನೆಗಳಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಎರಡೂ ದೀನಿನ ಹೆಸರಿನಲ್ಲಿ ಬಂದಿರುವುದರಿಂದ ಬಿಡಿಸಿ ಹೇಳಬೇಕು.

ಮೊದಲನೆಯದು ಮಣ್ಣಿನ ವಿಷಯ. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಬಾರಿ ತೊಳೆಯಬೇಕು, ಅದರಲ್ಲಿ ಒಮ್ಮೆ ಮಣ್ಣಿನಿಂದ ಎಂಬ ಹದೀಸ್ ನಮಗೆಲ್ಲ ಗೊತ್ತು. ಅದು ಪಾತ್ರೆಯನ್ನು ಕುರಿತದ್ದು. ಇದನ್ನು ಗಾಯಕ್ಕೆ ಅನ್ವಯಿಸಿ, ಕಚ್ಚಿದ ಜಾಗಕ್ಕೆ ಮಣ್ಣು ಉಜ್ಜಿಕೊಂಡು ಬರುವವರಿದ್ದಾರೆ. ತೆರೆದ ಗಾಯಕ್ಕೆ ಬೀದಿಯ ಮಣ್ಣು ಸೇರಿದರೆ ಧನುರ್ವಾಯು ಬರುವ ಅಪಾಯವಿದೆ. ಗಾಯಕ್ಕೆ ಬೇಕಾದದ್ದು ಸೋಪು ಮತ್ತು ನೀರು. ಬಟ್ಟೆಯ ಪಾಕಿಯ ಚಿಂತೆಯನ್ನು ಗಾಯ ತೊಳೆದ ಮೇಲೆ ಮಾಡಿದರೆ ಸಾಕು.

ಎರಡನೆಯದು ಬೆಕ್ಕಿನ ವಿಷಯ. ನಾಯಿಯನ್ನು ದೂರ ಇಡುವ ನಮ್ಮ ಮನೆಗಳಲ್ಲಿ ಬೆಕ್ಕು ಮಡಿಲಲ್ಲಿ ಮಲಗುತ್ತದೆ. ಬೆಕ್ಕು ನಜಸ್ ಅಲ್ಲ ಎಂಬುದು ನಿಜ. ಆದರೆ ಪಾಕ್ ಎಂದರೆ ರೋಗವಿಲ್ಲ ಎಂದು ಅರ್ಥವಲ್ಲ. ರಾತ್ರಿ ಹೊರಗೆ ತಿರುಗಿ ಬರುವ ಬೆಕ್ಕನ್ನು ಹುಚ್ಚುನಾಯಿ ಕಚ್ಚಿದ್ದರೆ ಬೆಕ್ಕಿಗೂ ರೇಬೀಸ್ ಬರುತ್ತದೆ. ಅದು ತನ್ನ ಉಗುರನ್ನು ನೆಕ್ಕಿಕೊಳ್ಳುವುದರಿಂದ ಪರಚಿದರೂ ಅಪಾಯವೇ. "ನಾಯಿಯೇನೂ ಕಚ್ಚಿಲ್ಲವಲ್ಲ ಡಾಕ್ಟ್ರೇ, ನಮ್ಮ ಬಿಲ್ಲಿ ಸ್ವಲ್ಪ ಗೀರಿದೆ ಅಷ್ಟೆ" ಎಂದು ಹೇಳುವ ತಾಯಂದಿರಿಗೆ ನಾನು ಹೇಳುವುದು ಒಂದೇ: ರಕ್ತ ಬಂದಿದ್ದರೆ ನಾಯಿಗೂ ಬಿಲ್ಲಿಗೂ ಚಿಕಿತ್ಸೆಯಲ್ಲಿ ವ್ಯತ್ಯಾಸವಿಲ್ಲ. ಸಾಕಿದ ಬೆಕ್ಕಿಗೆ ಪ್ರತಿ ವರ್ಷ ರೇಬೀಸ್ ಲಸಿಕೆ ಹಾಕಿಸುವುದು ಅದನ್ನು ಸಾಕುವವರ ಜವಾಬ್ದಾರಿ.

ಯಾವ ಗಾಯಕ್ಕೆ ಯಾವ ಚಿಕಿತ್ಸೆ?

ವಿಶ್ವ ಆರೋಗ್ಯ ಸಂಸ್ಥೆ ಪ್ರಾಣಿ ಕಡಿತವನ್ನು ಮೂರು ವರ್ಗ ಮಾಡಿದೆ. ನಮ್ಮ ಆಸ್ಪತ್ರೆಗಳಲ್ಲೂ ಇದೇ ಕ್ರಮ ಅನುಸರಿಸುತ್ತಾರೆ.

ಒಂದನೇ ವರ್ಗ: ಪ್ರಾಣಿಯನ್ನು ಮುಟ್ಟಿದ್ದು, ಅದಕ್ಕೆ ತಿನ್ನಿಸಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು. ಇದಕ್ಕೆ ತೊಳೆದುಕೊಂಡರೆ ಸಾಕು, ಲಸಿಕೆ ಬೇಡ.

ಎರಡನೇ ವರ್ಗ: ಬಟ್ಟೆಯಿಲ್ಲದ ಚರ್ಮವನ್ನು ಹಲ್ಲಿನಿಂದ ಸ್ವಲ್ಪ ಕಚ್ಚಿದ್ದು, ರಕ್ತ ಬಾರದ ಗೀರು. ಇದಕ್ಕೆ ತೊಳೆಯುವುದರ ಜೊತೆಗೆ ಲಸಿಕೆ ಬೇಕು.

ಮೂರನೇ ವರ್ಗ: ಚರ್ಮ ಸೀಳಿ ರಕ್ತ ಬಂದ ಕಡಿತ ಅಥವಾ ಗೀರು, ಮೊದಲೇ ಇದ್ದ ಗಾಯವನ್ನು ನೆಕ್ಕಿದ್ದು, ಕಣ್ಣಿಗೆ ಅಥವಾ ಬಾಯಿಗೆ ಜೊಲ್ಲು ಬಿದ್ದದ್ದು. ಕಾಡುಪ್ರಾಣಿಯ ಕಡಿತವನ್ನೂ ಈ ವರ್ಗಕ್ಕೇ ಸೇರಿಸುತ್ತಾರೆ. ಇದಕ್ಕೆ ಲಸಿಕೆ ಮಾತ್ರ ಸಾಲದು. ರೇಬೀಸ್ ಇಮ್ಯುನೋಗ್ಲೋಬುಲಿನ್ ಎಂಬ ಇನ್ನೊಂದು ಚುಚ್ಚುಮದ್ದನ್ನು ಗಾಯದ ಒಳಗೂ ಸುತ್ತಲೂ ಕೊಡಬೇಕು.

ಎರಡೆರಡು ಔಷಧ ಏಕೆ ಎಂದು ಜನ ಕೇಳುತ್ತಾರೆ. ಲಸಿಕೆ ನಮ್ಮ ದೇಹಕ್ಕೆ ವೈರಸ್ ವಿರುದ್ಧ ಹೋರಾಡುವುದನ್ನು ಕಲಿಸುತ್ತದೆ. ಅದಕ್ಕೆ ಒಂದರಿಂದ ಎರಡು ವಾರ ಬೇಕು. ಅಷ್ಟರವರೆಗೆ ಗಾಯದಲ್ಲೇ ಇರುವ ವೈರಸನ್ನು ತಡೆದು ನಿಲ್ಲಿಸುವುದು ಇಮ್ಯುನೋಗ್ಲೋಬುಲಿನ್. ಇದನ್ನು ಮೊದಲ ದಿನವೇ ಕೊಡುವುದು ಒಳ್ಳೆಯದು. ಆಗದಿದ್ದರೆ ಲಸಿಕೆಯ ಮೊದಲ ಡೋಸ್ ಆದ ಏಳು ದಿನದೊಳಗೆ ಕೊಡಬೇಕು. ಎಲ್ಲಾ ಸಣ್ಣ ಆಸ್ಪತ್ರೆಗಳಲ್ಲಿ ಇದು ಸಿಗುವುದಿಲ್ಲ. ಆದ್ದರಿಂದ ರಕ್ತ ಬಂದ ಕಡಿತವಾಗಿದ್ದರೆ "ಇಮ್ಯುನೋಗ್ಲೋಬುಲಿನ್ ಇದೆಯೇ?" ಎಂದು ನೀವೇ ಬಾಯಿಬಿಟ್ಟು ಕೇಳಿ. ಇಲ್ಲವೆಂದರೆ ಲಸಿಕೆ ಹಾಕಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ. ನಮ್ಮ ಕಡೆಯವರಿಗೆ ಜಯನಗರ ಜನರಲ್ ಆಸ್ಪತ್ರೆ, ಸಿಟಿ ಮಾರ್ಕೆಟ್ ಬಳಿಯ ವಿಕ್ಟೋರಿಯಾ ಆಸ್ಪತ್ರೆ ಹತ್ತಿರ. ವಿ.ವಿ. ಪುರಂನ ಕಿಮ್ಸ್ ಆಸ್ಪತ್ರೆಯಲ್ಲಿ ಪ್ರಾಣಿ ಕಡಿತಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಲಸಿಕೆ ಹಾಕುವ ಮೊದಲ ದಿನವನ್ನು 0 ಎಂದು ಲೆಕ್ಕ ಹಿಡಿಯುತ್ತಾರೆ. ಚರ್ಮದ ಪದರದಲ್ಲಿ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ. ತೋಳಿನ ಸ್ನಾಯುವಿಗೆ ಕೊಡುವ ಕ್ರಮದಲ್ಲಿ 0, 3, 7, 14 ಮತ್ತು 28ನೇ ದಿನ. ಮೂರನೇ ಡೋಸ್ ಆಗುವಷ್ಟರಲ್ಲಿ ಗಾಯ ಒಣಗಿರುತ್ತದೆ. ಇನ್ನೇಕೆ ಎಂದು ಅಲ್ಲಿಗೇ ಬಿಟ್ಟುಬಿಡುವವರು ಬಹಳ. ಗಾಯ ಒಣಗುವುದಕ್ಕೂ ವೈರಸ್ ಸಾಯುವುದಕ್ಕೂ ಸಂಬಂಧವಿಲ್ಲ. ದಿನಾಂಕಗಳನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಚೀಟಿಯನ್ನು ಜೋಪಾನವಾಗಿಡಿ. ಮುಂದೆ ಎಂದಾದರೂ ಮತ್ತೆ ಕಚ್ಚಿದರೆ, ಹಿಂದೆ ಪೂರ್ತಿ ಲಸಿಕೆ ಆಗಿದೆ ಎಂಬುದಕ್ಕೆ ಪುರಾವೆ ಇದ್ದರೆ 0 ಮತ್ತು 3ನೇ ದಿನದ ಎರಡು ಭೇಟಿ ಸಾಕಾಗುತ್ತದೆ.

ಹಕೀಮರ ಬಳಿ ಇದಕ್ಕೆ ಔಷಧವಿಲ್ಲವೇ?

ಯುನಾನಿ ಓದಿದ ವೈದ್ಯನಾಗಿ ಈ ಪ್ರಶ್ನೆಗೆ ನೇರವಾಗಿ ಉತ್ತರಿಸಬೇಕು. ಇಲ್ಲ. ನಮ್ಮ ಮಆಜೂನ್, ಅರ್ಕ್, ಮರ್ಹಮ್ ಯಾವುದೂ ರೇಬೀಸನ್ನು ತಡೆಯುವುದಿಲ್ಲ. ಕಚ್ಚಿದ ಜಾಗಕ್ಕೆ ಹಿಜಾಮಾ ಮಾಡಿ ವಿಷ ಎಳೆಯಬಹುದು ಎಂಬ ಮಾತೂ ಸರಿಯಲ್ಲ. ವೈರಸ್ ಹಾವಿನ ವಿಷದಂತೆ ರಕ್ತದಲ್ಲಿ ಹರಿಯುವುದಿಲ್ಲ, ನರದಲ್ಲಿ ಸಾಗುತ್ತದೆ. ಮೇಲಾಗಿ, ಗಾಯದ ಪಕ್ಕದಲ್ಲಿ ಇನ್ನಷ್ಟು ಗೀರು ಹಾಕಿದರೆ ವೈರಸ್ಸಿಗೆ ಇನ್ನಷ್ಟು ಬಾಗಿಲು ತೆರೆದಂತೆ.

ನಮ್ಮ ಹಿರಿಯ ತಬೀಬರು ಈ ರೋಗವನ್ನು ಚೆನ್ನಾಗಿ ಗುರುತಿಸಿದ್ದರು. ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಹುಚ್ಚುನಾಯಿಯ ಕಡಿತದ ಬಗ್ಗೆ ವಿವರವಾಗಿ ಬರೆದಿದ್ದಾರೆ. ನೀರಿಗೆ ಹೆದರುವ ಲಕ್ಷಣವೂ ಅವರಿಗೆ ತಿಳಿದಿತ್ತು. ಅವರ ಕಾಲದಲ್ಲಿ ಲಸಿಕೆ ಇರಲಿಲ್ಲ. ಫ್ರಾನ್ಸ್‌ನ ಲೂಯಿ ಪಾಶ್ಚರ್ 1885ರ ಜುಲೈನಲ್ಲಿ, ನಾಯಿ ಕಚ್ಚಿದ್ದ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಬಾರಿ ಲಸಿಕೆ ಕೊಟ್ಟರು. ಹುಡುಗ ಬದುಕಿದ. ಕೈಗೆ ಸಿಗುವ ಅತ್ಯುತ್ತಮ ಚಿಕಿತ್ಸೆಯನ್ನು ರೋಗಿಗೆ ಕೊಡಬೇಕೆಂಬುದು ನಮ್ಮ ತಬೀಬರು ಕಲಿಸಿದ ಪಾಠ. ನಾಯಿ ಕಡಿತದಲ್ಲಿ ಆ ಚಿಕಿತ್ಸೆ ಇಂದು ಲಸಿಕೆ. ಯಾರಾದರೂ ಹಕೀಮರು "ಲಸಿಕೆ ಬೇಡ, ನನ್ನಲ್ಲಿ ಪುಡಿ ಇದೆ" ಎಂದರೆ ಅಲ್ಲಿಂದ ಎದ್ದು ಬನ್ನಿ. ದುಆ ಮಾಡಿ, ಮಾಡಿಸಿ. ಆದರೆ ದುಆ ಆಸ್ಪತ್ರೆಯ ದಾರಿಯಲ್ಲೂ ಮಾಡಬಹುದು.

ಮನೆಗಳಲ್ಲಿ ಕೇಳಿಬರುವ ಪ್ರಶ್ನೆಗಳು

ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಾರಂತೆ? ಅದು ಹಳೆಯ ಕಾಲದ ಲಸಿಕೆ. ನಮ್ಮ ದೇಶದಲ್ಲಿ 2005ರಿಂದೀಚೆಗೆ ಅದರ ಬಳಕೆಯಿಲ್ಲ. ಈಗ ತೋಳಿಗೆ ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಗರ್ಭಿಣಿಗೆ, ಹಾಲೂಡಿಸುವ ತಾಯಿಗೆ ಕೊಡಬಹುದೇ? ಕೊಡಬಹುದು, ಕೊಡಲೇಬೇಕು. ಹಸುಗೂಸಿಗೂ ಕೊಡಬಹುದು. ಮಾರಕ ರೋಗದ ಮುಂದೆ ಲಸಿಕೆಗೆ ಅಡ್ಡಿ ಎಂಬುದಿಲ್ಲ.

ರಂಝಾನ್ ಉಪವಾಸದಲ್ಲಿದ್ದರೆ? ಚರ್ಮಕ್ಕೆ ಅಥವಾ ಸ್ನಾಯುವಿಗೆ ಕೊಡುವ ಇಂತಹ ಚುಚ್ಚುಮದ್ದಿನಿಂದ ಉಪವಾಸ ಮುರಿಯುವುದಿಲ್ಲ ಎಂಬುದು ಬಹುತೇಕ ಉಲಮಾಗಳ ಅಭಿಪ್ರಾಯ. ಸಂಶಯವಿದ್ದರೆ ನಿಮ್ಮ ಮಸೀದಿಯ ಇಮಾಮರನ್ನು ಫೋನಿನಲ್ಲಿ ಕೇಳಿ. ಈದ್ ಮುಗಿಯಲಿ ಎಂದು ಮಾತ್ರ ಕಾಯಬೇಡಿ.

ಲಸಿಕೆ ಮುಗಿಯುವವರೆಗೆ ಮಾಂಸ, ಮೊಟ್ಟೆ, ಬದನೆಕಾಯಿ ಬಿಡಬೇಕೇ? ಯಾವ ಪಥ್ಯವೂ ಇಲ್ಲ. ಎಂದಿನಂತೆ ಊಟ ಮಾಡಿ.

ನಾಯಿಯನ್ನು ಹತ್ತು ದಿನ ನೋಡಿ ಆಮೇಲೆ ಲಸಿಕೆ ಹಾಕಿಸಿದರೆ ಆಗದೇ? ಆಗದು. ಲಸಿಕೆ ಮೊದಲು ಆರಂಭಿಸಿ, ನಾಯಿಯ ಮೇಲೆ ಕಣ್ಣಿಡುವುದು ಜೊತೆಯಲ್ಲೇ ನಡೆಯಲಿ. ಕಚ್ಚಿದ ನಾಯಿ ಅಥವಾ ಬೆಕ್ಕು ಹತ್ತು ದಿನದ ನಂತರವೂ ಆರೋಗ್ಯವಾಗಿದ್ದರೆ ಉಳಿದ ಡೋಸ್ ಬೇಕೇ ಎಂದು ವೈದ್ಯರು ಹೇಳುತ್ತಾರೆ. ಈ ಹತ್ತು ದಿನದ ಲೆಕ್ಕ ನಾಯಿ, ಬೆಕ್ಕಿಗೆ ಮಾತ್ರ. ಕೋತಿಗೆ, ಕಾಡುಪ್ರಾಣಿಗೆ ಇದು ಅನ್ವಯಿಸುವುದಿಲ್ಲ.

ಕಚ್ಚಿ ಒಂದು ವಾರ ಕಳೆದಿದ್ದರೆ? ಈಗಲೂ ಹೋಗಿ. ತಡವಾಯಿತೆಂದು ಸುಮ್ಮನೆ ಕೂರುವುದೇ ದೊಡ್ಡ ಅಪಾಯ.

ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿದ್ದೇವೆ, ಸಾಕಲ್ಲವೇ? ಸಾಲದು. ಟಿ.ಟಿ. ಬೇರೆ, ರೇಬೀಸ್ ಲಸಿಕೆ ಬೇರೆ. ಕಡಿತದ ಗಾಯಕ್ಕೆ ಎರಡೂ ಬೇಕಾಗಬಹುದು.

ದಾಳಿ ಆಗುವ ಹೊತ್ತಿನಲ್ಲಿ

ನಾಯಿ ಬೊಗಳುತ್ತಾ ಬಂದಾಗ ಓಡಬಾರದು. ಓಡುವುದನ್ನು ಅಟ್ಟಿಸುವುದು ಅದರ ಸ್ವಭಾವ. ನಿಂತಲ್ಲೇ ನಿಂತು, ಕೈಗಳನ್ನು ಮೈಗೆ ಅಂಟಿಸಿಕೊಂಡು, ಅದರ ಕಣ್ಣನ್ನು ದಿಟ್ಟಿಸದೆ ನೆಲ ನೋಡಿ. ಅದು ಶಾಂತವಾದ ಮೇಲೆ ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿಯಿರಿ. ಕೈಯಲ್ಲಿ ಚೀಲ, ಛತ್ರಿ ಇದ್ದರೆ ನಡುವೆ ಹಿಡಿಯಿರಿ. ಕೆಳಗೆ ಬಿದ್ದುಬಿಟ್ಟರೆ ಮಂಡಿಗಳನ್ನು ಹೊಟ್ಟೆಗೆ ಒತ್ತಿಕೊಂಡು ಮುದುಡಿ, ಎರಡೂ ಕೈಗಳಿಂದ ಕುತ್ತಿಗೆ ಮತ್ತು ಕಿವಿ ಮುಚ್ಚಿಕೊಳ್ಳಿ. ಸ್ಕೂಟರಿನಲ್ಲಿದ್ದರೆ ವೇಗ ಹೆಚ್ಚಿಸಬೇಡಿ. ಕಡಿತಕ್ಕಿಂತ ಬೀಳುವುದರಿಂದಲೇ ತಲೆಗೆ ಪೆಟ್ಟಾಗುವುದುಂಟು. ಮರಿ ಹಾಕಿದ ನಾಯಿ, ತಿನ್ನುತ್ತಿರುವ ನಾಯಿ, ಮಲಗಿರುವ ನಾಯಿ ಇವುಗಳ ಹತ್ತಿರ ಮಕ್ಕಳು ಹೋಗದಿರಲಿ. ಕೋತಿ ಮೈಮೇಲೆ ಬಂದರೆ ಕೈಯಲ್ಲಿರುವ ಬಾಳೆಹಣ್ಣಿನ ಆಸೆ ಬಿಟ್ಟುಬಿಡಿ. ಹಲ್ಲು ತೋರಿಸಿ ನಗಬೇಡಿ, ಅದು ಕೋತಿಗೆ ಜಗಳದ ಕರೆ.

ಮಗುವಿನ ಮೇಲೆ ನಾಯಿಗಳು ಬಿದ್ದಿದ್ದರೆ ಗಟ್ಟಿಯಾಗಿ ಕೂಗಿ ನೆರೆಯವರನ್ನು ಸೇರಿಸಿ, ಬಕೆಟ್ ನೀರು ಎರಚಿ, ಕೋಲು ಬೀಸಿ ನಾಯಿಗಳನ್ನು ಬಿಡಿಸಿ ಮಗುವನ್ನು ಮೇಲೆತ್ತಿಕೊಳ್ಳಿ.

ಮಕ್ಕಳಿಗೆ ಇನ್ನೊಂದು ಮಾತನ್ನು ಇಂದೇ ಹೇಳಿಬಿಡಿ: "ನಾಯಿ, ಬೆಕ್ಕು, ಕೋತಿ ಏನೇ ಕಚ್ಚಿದರೂ ನಮಗೆ ಹೇಳು, ನಾವು ಬೈಯುವುದಿಲ್ಲ." ಅಬ್ಬಾ ಹೊಡೆಯುತ್ತಾರೆ, ಸೂಜಿ ಚುಚ್ಚುತ್ತಾರೆ ಎಂಬ ಭಯದಿಂದ ಗೀರನ್ನು ಮುಚ್ಚಿಡುವ ಮಕ್ಕಳೇ ಹೆಚ್ಚು ಅಪಾಯದಲ್ಲಿರುವವರು. ನಾಯಿಯನ್ನು ಕೆಣಕಿದ್ದಕ್ಕೆ ಬುದ್ಧಿ ಹೇಳುವುದು ನಾಳೆಯೂ ಆಗುತ್ತದೆ.

ಕುರಿ, ದನ ಮತ್ತು ಬಕ್ರೀದ್

ಬಕ್ರೀದ್ ಸಮಯದಲ್ಲಿ ಚಾಮರಾಜಪೇಟೆಯ ಈದ್ಗಾ ಕಡೆಯಿಂದ ತಂದ ಕುರಿ ಹಲವು ದಿನ ಮನೆಯ ಮುಂದೆ ಕಟ್ಟಿರುತ್ತದೆ. ಮಕ್ಕಳು ಅದನ್ನು ಬಿಡುವುದಿಲ್ಲ. ಟಗರು ಎರಡು ಹೆಜ್ಜೆ ಹಿಂದೆ ಹೋಗಿ ತಲೆ ತಗ್ಗಿಸಿತೆಂದರೆ ಗುದ್ದಲು ಸಿದ್ಧವಾಗಿದೆ ಎಂದರ್ಥ. ಹಗ್ಗವನ್ನು ಮಕ್ಕಳ ಕೈಗೆ ಸುತ್ತಿಕೊಡಬೇಡಿ. ಎತ್ತು, ಹೋರಿ ಹೊಟ್ಟೆಗೆ ಅಥವಾ ಎದೆಗೆ ತಿವಿದಿದ್ದರೆ ಹೊರಗೆ ಸಣ್ಣ ಗಾಯ ಕಂಡರೂ ಒಳಗೆ ರಕ್ತ ಸೋರುತ್ತಿರಬಹುದು. ನೀರು, ಊಟ ಕೊಡದೆ, ಮಲಗಿಸಿಕೊಂಡೇ ಆಸ್ಪತ್ರೆಗೆ ಒಯ್ಯಿರಿ.

ಇದಕ್ಕಿಂತ ಗಮನಿಸಬೇಕಾದದ್ದು ಹುಚ್ಚು ಹಿಡಿದ ಕುರಿ, ದನಗಳ ವಿಷಯ. ಹುಚ್ಚುನಾಯಿ ಕಚ್ಚಿದರೆ ಇವಕ್ಕೂ ರೇಬೀಸ್ ಬರುತ್ತದೆ. ಜೊಲ್ಲು ಸುರಿಸುತ್ತಾ, ಮೇವು ನೀರು ಬಿಟ್ಟು, ವಿಚಿತ್ರವಾಗಿ ಕೂಗುತ್ತಾ ನಿಂತ ಪ್ರಾಣಿಯ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯಿಯೊಳಗೆ ಕೈ ಹಾಕುವುದು ನಮ್ಮ ಜನರ ಅಭ್ಯಾಸ. ಹಾಗೆ ಮಾಡಬೇಡಿ. ಸಾಯುವ ಮೊದಲು ಝಬಹ್ ಮಾಡಿಬಿಡೋಣ ಎಂದೂ ಆತುರ ಪಡಬೇಡಿ. ಅಂತಹ ಪ್ರಾಣಿಯನ್ನು ಕತ್ತರಿಸುವಾಗ ಕೈಯ ಸಣ್ಣ ಗಾಯದ ಮೂಲಕವೂ ವೈರಸ್ ಸೇರಬಹುದು. ಅದರ ಮಾಂಸವನ್ನಾಗಲಿ ಹಸಿ ಹಾಲನ್ನಾಗಲಿ ಬಳಸಬಾರದು. ಪಶುವೈದ್ಯರನ್ನು ಕರೆಸಿ. ಈಗಾಗಲೇ ಕೈ ಹಾಕಿದ್ದವರು ಮೇಲೆ ಹೇಳಿದಂತೆ ತೊಳೆದು ಲಸಿಕೆ ಹಾಕಿಸಿಕೊಳ್ಳಲಿ.

ಹಾವು ಕಚ್ಚಿದರೆ ನಿಯಮ ಬೇರೆ

ನಾಯಿ ಕಡಿತದ ನಿಯಮವನ್ನು ಹಾವಿಗೆ ಬಳಸಬಾರದು. ಇಲ್ಲಿ ಗಾಯವನ್ನು ಉಜ್ಜಿ ತೊಳೆಯುತ್ತಾ ಕೂರಬೇಡಿ. ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗದಿಂದ ಬಿಗಿಯಬೇಡಿ, ಹಿಜಾಮಾ ಮಾಡಿಸಬೇಡಿ. ಉಂಗುರ, ಬಳೆ, ಗೆಜ್ಜೆ ತೆಗೆದುಬಿಡಿ, ಊತ ಬಂದ ಮೇಲೆ ತೆಗೆಯಲಾಗದು. ಕಚ್ಚಿದ ಕೈ ಅಥವಾ ಕಾಲಿಗೆ ಒಂದು ಕೋಲು ಇಟ್ಟು, ದುಪಟ್ಟಾದಿಂದ ಸಡಿಲವಾಗಿ ಕಟ್ಟಿ ಅಲುಗಾಡದಂತೆ ಮಾಡಿ. ನಡೆಸಬೇಡಿ. 108ಕ್ಕೆ ಕರೆ ಮಾಡಿ, ಪ್ರತಿವಿಷ ಇರುವ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಈ ನಾಲ್ಕಕ್ಕೂ ನಮ್ಮ ದೇಶದಲ್ಲಿ ಒಂದೇ ಪ್ರತಿವಿಷವಿದೆ. ಆದ್ದರಿಂದ ಹಾವನ್ನು ಹಿಡಿದು ತರುವ ಸಾಹಸ ಬೇಡ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಹೆಚ್ಚು ನೋವಾಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ನುಂಗಲು ಕಷ್ಟ ಎಂದರೆ ಹಾವಿನ ಸಂಶಯ ಇರಲಿ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು ಅಂದಾಜಿದೆ. ಅದರಲ್ಲಿ ಅರ್ಧದಷ್ಟು ಮಳೆಗಾಲದ ತಿಂಗಳುಗಳಲ್ಲಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

ತುರಹಳ್ಳಿ ಕಾಡಿನ ಅಂಚಿನಲ್ಲಿ

ನಮ್ಮ ಬಡಾವಣೆಗಳ ಪಕ್ಕದಲ್ಲೇ ತುರಹಳ್ಳಿ ಕಾಡಿದೆ. 2022ರ ಡಿಸೆಂಬರಿನಲ್ಲಿ ಅದರ ಅಂಚಿನಲ್ಲಿ ಚಿರತೆ ಕಾಣಿಸಿಕೊಂಡಾಗ ಸಂಜೆಯ ಮೇಲೆ ಮಕ್ಕಳನ್ನು ಹೊರಗೆ ಬಿಡಲು ಎಲ್ಲರೂ ಹೆದರಿದ್ದೆವು. ಅದೇ ಚಳಿಗಾಲದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಕೆಲವರು ಪ್ರಾಣ ಕಳೆದುಕೊಂಡರು. 2023ರ ಅಕ್ಟೋಬರ್ ಕೊನೆಯಲ್ಲಿ ಕೂಡ್ಲು ಗೇಟ್ ಬಳಿ ವಸತಿ ಸಮುಚ್ಚಯಕ್ಕೇ ಚಿರತೆ ನುಗ್ಗಿತು.

ಚಿರತೆ ಕಂಡರೆ ಓಡಬೇಡಿ, ಬಗ್ಗಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ. ಮಗುವನ್ನು ಎತ್ತಿಕೊಂಡು, ಅದರ ಕಡೆಗೇ ಮುಖವಿಟ್ಟು ನಿಧಾನವಾಗಿ ಹಿಂದೆ ಸರಿಯಿರಿ. ಗಟ್ಟಿಯಾಗಿ ಮಾತನಾಡಿ. ಮೇಲೆ ಬಿದ್ದರೆ ಮಾತ್ರ ಕೈಗೆ ಸಿಕ್ಕಿದ್ದರಿಂದ ಹೋರಾಡಿ, ಕುತ್ತಿಗೆ ಕಾಪಾಡಿಕೊಳ್ಳಿ. ಚಿರತೆ ಕಟ್ಟಡದೊಳಗೆ ಸೇರಿದ್ದರೆ ಬಾಗಿಲು ಹಾಕಿಕೊಂಡು 1926ಕ್ಕೆ ಕರೆ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ. ವಿಡಿಯೋ ಮಾಡಲು ಗುಂಪು ಸೇರಬೇಡಿ. 2016ರ ಫೆಬ್ರವರಿ 7ರಂದು ಕುಂದಲಹಳ್ಳಿಯ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗ ಅದನ್ನು ಹಿಡಿಯುವ ಕೆಲಸದಲ್ಲಿ ಗಾಯಗೊಂಡವರಲ್ಲಿ ಚಿರತೆಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಸಂಜಯ್ ಗುಬ್ಬಿ ಅವರೂ ಇದ್ದರು. ತಿಳಿದವರಿಗೇ ಹೀಗಾಗುವಾಗ ಮೊಬೈಲ್ ಹಿಡಿದ ಗುಂಪಿನ ಪಾಡೇನು? ಚಿರತೆಯ ಗಾಯಕ್ಕೂ ಸೋಪು, ನೀರು, ರೇಬೀಸ್ ಲಸಿಕೆ ಮತ್ತು ಇಮ್ಯುನೋಗ್ಲೋಬುಲಿನ್ ಬೇಕು ಎಂಬುದು ನೆನಪಿರಲಿ.

ನಮ್ಮ ಬೀದಿಗೆ ನಾವೂ ಹೊಣೆ

ನಾಯಿಗಳ ಗುಂಪು ಎಲ್ಲಿ ಬೆಳೆಯುತ್ತದೆ ಎಂದು ನೋಡಿ. ಮಾಂಸದಂಗಡಿಯ ಹಿಂದೆ, ಕೋಳಿ ತ್ಯಾಜ್ಯ ಸುರಿಯುವ ಖಾಲಿ ನಿವೇಶನದಲ್ಲಿ, ರಾಜಕಾಲುವೆಯ ಪಕ್ಕದಲ್ಲಿ. ಸುಲಭವಾಗಿ ಮಾಂಸ ಸಿಗುವ ಜಾಗವನ್ನು ನಾಯಿಗಳು ಗುಂಪು ಕಟ್ಟಿ ಕಾಯುತ್ತವೆ, ಆ ದಾರಿಯಲ್ಲಿ ಬರುವವರ ಮೇಲೆ ಬೀಳುತ್ತವೆ. ನಮ್ಮ ಅಂಗಡಿಗಳ ತ್ಯಾಜ್ಯ, ಮದುವೆ ಮನೆಯ ಎಲುಬು, ಕುರ್ಬಾನಿಯ ಕರುಳು ಪಾಲಿಕೆಯ ವಾಹನಕ್ಕೇ ಸೇರಬೇಕು. ಮಸೀದಿ ಕಮಿಟಿಗಳು ಜುಮಾದಲ್ಲಿ ಒಮ್ಮೆ ಈ ಮಾತು ಎತ್ತಿದರೆ ಹಲವು ಮಕ್ಕಳ ಕಾಲು ಉಳಿದೀತು.

ವಿಷ ಹಾಕುವುದು, ಹೊಡೆದು ಕೊಲ್ಲುವುದು ಕಾನೂನಿನಲ್ಲಿ ಅಪರಾಧ. ಬಾಯಾರಿದ ನಾಯಿಗೆ ನೀರು ಕುಡಿಸಿದವನಿಗೆ ಕ್ಷಮೆ ಸಿಕ್ಕಿತೆಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳಿಗೆ ಅದು ಶೋಭಿಸುವುದೂ ಇಲ್ಲ. ಅದರಿಂದ ಪ್ರಯೋಜನವೂ ಇಲ್ಲ, ಖಾಲಿಯಾದ ಜಾಗಕ್ಕೆ ಲಸಿಕೆ ಇಲ್ಲದ ಹೊಸ ನಾಯಿಗಳು ಬರುತ್ತವೆ. ಕಚ್ಚುವ ನಾಯಿ, ಹುಚ್ಚು ಹಿಡಿದಂತೆ ಕಾಣುವ ನಾಯಿ ಇದ್ದರೆ ಪಾಲಿಕೆಯ ಸಹಾಯವಾಣಿ 1533ಕ್ಕೆ ದೂರು ಕೊಡಿ. ಬೀದಿಯ ನಾಯಿಗಳಿಗೆ ಸಂತಾನಹರಣ ಮತ್ತು ಲಸಿಕೆ ಆಗಿದೆಯೇ ಎಂದು ವಿಚಾರಿಸಿ.

ಅಡುಗೆಮನೆಯ ಗೋಡೆಯ ಮೇಲೆ ಇಷ್ಟನ್ನು ಬರೆದು ಅಂಟಿಸಿ: ನಾಯಿ, ಬೆಕ್ಕು, ಕೋತಿ ಕಚ್ಚಿದರೆ 15 ನಿಮಿಷ ಸೋಪು ನೀರು, ಅದೇ ದಿನ ಲಸಿಕೆ, ರಕ್ತ ಬಂದಿದ್ದರೆ ಇಮ್ಯುನೋಗ್ಲೋಬುಲಿನ್, 28ನೇ ದಿನದವರೆಗೆ ಬಿಡದೆ. ಹಾವು ಕಚ್ಚಿದರೆ ಉಜ್ಜದೆ, ಬಿಗಿಯದೆ, ಅಲುಗಾಡದಂತೆ ಆಸ್ಪತ್ರೆಗೆ. ಆಂಬುಲೆನ್ಸ್ 108, ಅರಣ್ಯ ಇಲಾಖೆ 1926, ಪಾಲಿಕೆ 1533. ಓದಲು ಬರುವ ಮಗುವಿನಿಂದ ಒಮ್ಮೆ ಗಟ್ಟಿಯಾಗಿ ಓದಿಸಿ, ಮನೆಯ ಅಜ್ಜಿಗೂ ಕೇಳಿಸಲಿ.